ತಪ್ಪಿಗೆ ಒಂದು ರೂಪಾಯಿ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ತಿಥಿ ಕಾರ್ಡು, ಇವೇ ನನ್ನ ಸಂಪಾದನೆ. ಮಗ ಎಂಟನೇ ಕ್ಲಾಸು, ಮಗಳು ನಾಲ್ಕನೇ ಕ್ಲಾಸು, ಇಬ್ಬರೂ ಇಂಗ್ಲಿಷ್ ಮೀಡಿಯಂ. ಎರಡು ವರ್ಷದ ಹಿಂದೆ, "ಬೈಯದೆ, ಮೊಬೈಲ್ ಕಿತ್ತುಕೊಳ್ಳದೆ ಇವರಿಬ್ಬರೂ ಮನೇಲಿ ಕನ್ನಡ ಓದೋ ಹಾಗೆ ಮಾಡ್ತೀನಿ" ಅಂದಿದ್ದೆ. ನಮ್ಮ ಭಾವ ನಕ್ಕುಬಿಟ್ಟರು. ಅವರು ಹೈಸ್ಕೂಲು ಮೇಷ್ಟ್ರು. "ನೋಡಪ್ಪಾ, ಓದೋ ಮಕ್ಕಳು ತಾವೇ ಓದ್ತಾವೆ. ಓದದೇ ಇರೋವು ತಲೆಕೆಳಗಾಗಿ ನಿಂತ್ರೂ ಓದಲ್ಲ" ಅಂದರು.

ಕಳೆದ ದೀಪಾವಳಿಗೆ ಭಾವ ಬಂದಾಗ ನನ್ನ ಮಗಳು ಜಗುಲಿಯಲ್ಲಿ ಪೆನ್ಸಿಲ್ ಹಿಡಿದು ಓದುತ್ತಾ ಕೂತಿದ್ದಳು. ಪಟಾಕಿಗೆ ಕರೆದರೂ "ಇರಿ, ಎರಡು ಪುಟ ಇದೆ" ಅಂದಳು. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದೇನು ಮಾಡಿದೆ, ಬರೆದು ಕೊಡು" ಅಂದರು. ಅದಕ್ಕೇ ಇದು.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಪುಸ್ತಕ ಮೇಳದಲ್ಲಿ ಒಂದೇ ಸಲ ಸುಮಾರು 2,800 ರೂಪಾಯಿಯ ಪುಸ್ತಕ ತಂದೆ. ಮಗಳು ಚಿತ್ರ ನೋಡಿ ಎತ್ತಿಟ್ಟಳು. ಮಗ ಅದನ್ನೂ ನೋಡಲಿಲ್ಲ. ಓದಿಸುವ ಆಪ್ ಒಂದಕ್ಕೆ 1,200 ಕಟ್ಟಿದೆ. ಮರುವರ್ಷ ನನ್ನನ್ನು ಕೇಳದೆ ಮತ್ತೆ ಅಷ್ಟೇ ಕಟ್ ಆಯಿತು, ವಾಪಸ್ ಬರಲೇ ಇಲ್ಲ. ಆಮೇಲೆ ರಾತ್ರಿ ಎಂಟಕ್ಕೆ ಟಿವಿ ಬಂದ್, ಎಲ್ಲರೂ ಓದಬೇಕು ಅನ್ನೋ ನಿಯಮ ಮಾಡಿದೆ. ಹತ್ತೋ ಹನ್ನೊಂದೋ ದಿನ ನಡೆಯಿತು. ಮುರಿದದ್ದು ಮಕ್ಕಳಲ್ಲ, ನಾನೇ. ಮದುವೆ ಸೀಸನ್ನಿನಲ್ಲಿ ಗಿರಾಕಿಗಳ ಫೋನು ಎಂಟು ಗಂಟೆಗೇ ಬರೋದು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ತಿಂದದ್ದು ಪುಟಕ್ಕೆ ಎರಡು ರೂಪಾಯಿ ಕೊಡುವ ಯೋಜನೆಯಲ್ಲಿ. ಮಗ ಒಂದೇ ವಾರದಲ್ಲಿ 140 ರೂಪಾಯಿ ದುಡಿದ. ಕಥೆಯಲ್ಲಿ ಏನಾಯ್ತೋ ಅಂತ ಕೇಳಿದರೆ "ಕೊನೇಲಿ ಎಲ್ಲಾ ಸರಿ ಹೋಗುತ್ತೆ" ಅಂದ. ಮಗಳು ಇನ್ನೂ ಚುರುಕು, ದೊಡ್ಡ ಚಿತ್ರ ಇರುವ ಪುಸ್ತಕಗಳನ್ನೇ ಆರಿಸುತ್ತಿದ್ದಳು. ದುಡ್ಡು ನಿಲ್ಲಿಸಿದೆ. ಓದು ಅದಕ್ಕೂ ಮುಂಚೆಯೇ ನಿಂತಿತ್ತು.

ಇಷ್ಟೆಲ್ಲಾ ಆದಮೇಲೆ ಪುಸ್ತಕದ ಮಾತೇ ಬಿಟ್ಟೆ. ಸುಮ್ನೆ ಮನೆಯಲ್ಲಿ ಏನೇನು ಓದಬೇಕಾಗಿ ಬರುತ್ತೆ ಅಂತ ನೋಡುತ್ತಾ ಹೋದೆ. ದಿನಸಿ ಚೀಟಿ, ಕರೆಂಟ್ ಬಿಲ್, ಮಾತ್ರೆ ಚೀಟಿ, ಕಡಲೆಕಾಯಿ ಪೊಟ್ಟಣದ ಕಾಗದ ಕೂಡ. ಈ ಪೊಟ್ಟಣದ ಆಟ ಚೆನ್ನಾಗಿದೆ. ಹರಿದ ಸುದ್ದಿಯನ್ನು ಓದಿ, ಮುಂದೆ ಏನಿದ್ದಿರಬಹುದು ಅಂತ ಹೇಳಬೇಕು. ದುಡ್ಡೂ ಬೇಡ, ಗೆಲುವು ಸೋಲೂ ಇಲ್ಲ. ಆದರೆ ದಿನಾ ಕಡಲೆಕಾಯಿ ತಿನ್ನೋಕಾಗಲ್ಲ.

ಅಡುಗೆಮನೆಯಲ್ಲಿ ಒಂದು ಪ್ರಯೋಗ ಮಾಡಿದ್ದು ನನ್ನ ಹೆಂಡತಿ. ಅವಳ ತಂಗಿ ಬರೆದುಕೊಟ್ಟ ಮದ್ದೂರು ವಡೆ ಚೀಟಿಯನ್ನು ಮಗಳು ಗಟ್ಟಿಯಾಗಿ ಓದಬೇಕು, ಓದಿದ್ದನ್ನು ಇವಳು ಹಾಕಬೇಕು, ತಿದ್ದುವ ಹಾಗಿಲ್ಲ. ರವೆ, ಅಕ್ಕಿ ಹಿಟ್ಟು, ಮೈದಾ ಎಲ್ಲಾ ಸರಿಯಾಗಿಯೇ ಬಿತ್ತು. "ಅರ್ಧ ಚಮಚ ಉಪ್ಪು" ಅಂತಿದ್ದದ್ದನ್ನು ಮಗಳು "ಆರು ಚಮಚ" ಅಂದಳು. ಅರ್ಕಾವತ್ತು, ಅಂದರೆ ಅಕ್ಷರದ ಪಕ್ಕದಲ್ಲಿ ಬರುವ ರ್ ಗುರುತು ಕಂಡರೆ ಮಕ್ಕಳು ಊಹೆ ಮಾಡುತ್ತಾರೆ. ಇವಳೂ ಹಠ, ಆರೂ ಚಮಚ ಹಾಕಿದಳು. ಹಿಟ್ಟು, ಎಣ್ಣೆ ಸೇರಿ ಎಂಬತ್ತು ರೂಪಾಯಿ ಹೋಯಿತು. ಆ ವಡೆ ಬಾಯಿಗಿಡೋಕೆ ಆಗಲಿಲ್ಲ. ಆದರೆ ಅವತ್ತಿನಿಂದ ಸೂರ್ಯ, ಕಾರ್ಯ, ಅರ್ಧ, ವರ್ಷ ಯಾವುದು ಕೊಟ್ಟರೂ ಮಗಳು ನಿಂತು ನೋಡಿಯೇ ಓದುತ್ತಾಳೆ. ಕಾಪಿ ಬರೆಸಿದ್ದರೆ ಎಂಬತ್ತು ಪುಟ ಹಿಡೀತಿತ್ತೇನೋ.

ಮಗನನ್ನು ಹಿಡಿದದ್ದು ಕೊಬ್ಬರಿ. ನಮ್ಮಪ್ಪನಿಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಒಂದಷ್ಟು ದಿನ ಕಣ್ಣಿಗೆ ಆಯಾಸ ಬೇಡ ಅಂದಿದ್ದರು. ಅದೇ ಹೊತ್ತಿಗೆ, 2025ರಲ್ಲಿ, ಕೊಬ್ಬರಿ ದರ ಏರತೊಡಗಿತು. ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ಇದ್ದರೆ ನಮ್ಮ ಮಾರುಕಟ್ಟೆಯಲ್ಲಿ ಇಪ್ಪತ್ತು ಸಾವಿರ ದಾಟಿತ್ತು. ಊರಿನ ಅಟ್ಟದ ಮೇಲೆ ಅಪ್ಪನ ಕಾಯಿ ಒಂದು ವರ್ಷದಿಂದ ಒಣಗುತ್ತಾ ಕೂತಿತ್ತು. ಸುಲಿಸಬೇಕೋ, ಇನ್ನೂ ಕಾಯಬೇಕೋ ಅಂತ ಅವರಿಗೆ ನಿದ್ದೆ ಇಲ್ಲ. ಪೇಪರ್ ಓದಲು ಮೊಮ್ಮಗನೇ ಬೇಕು.

ಮೊದಲ ದಿನ ಅವನು ದರ ಮಾತ್ರ ಓದಿ ಎದ್ದ. "ಯಾಕೆ ಏರ್ತಂತೆ, ಅದನ್ನ ಓದ್ಲಾ" ಅಂದರು. ಗೊಣಗುತ್ತಾ ಓದಿದ. ವಾರ ಕಳೆಯುವಷ್ಟರಲ್ಲಿ ತಾತ ಮೊಮ್ಮಗ ಜಗಳ ಶುರುವಾಯಿತು. "ಈಗ್ಲೇ ಮಾರಿ ತಾತ" ಅಂತ ಇವನು, "ತಡಿ" ಅಂತ ಅವರು. ಜಗಳ ಗೆಲ್ಲಬೇಕು ಅಂತ ಇವನು ಹಳೇ ಪೇಪರ್ ಕೂಡ ತೆಗೆದು ಓದುತ್ತಿದ್ದ. ನಾನು ಆಗ ಒಂದು ಮಾತೂ ಆಡಲಿಲ್ಲ. "ಭೇಷ್, ಓದ್ತಿದ್ದೀಯ" ಅಂದಿದ್ದರೆ ಅಲ್ಲಿಗೇ ಮುಗೀತಿತ್ತು.

ಅಸಲು ದಾರಿ ಸಿಕ್ಕಿದ್ದು ಅಂಗಡಿಯಲ್ಲಿ. ಒಂದು ಮದುವೆಯ ಕಾರ್ಡು, 500 ಪ್ರತಿ. ಪ್ರೂಫನ್ನು ಹುಡುಗನ ಕಡೆಯವರು ನೋಡಿ ಸಹಿ ಹಾಕಿದ್ದರು, ನಾನೂ ಎರಡು ಸಲ ನೋಡಿದ್ದೆ. ಪ್ರಿಂಟಿಗೆ ಕೊಡಬೇಕು ಅನ್ನುವಾಗ ಊಟದ ಡಬ್ಬಿ ತಂದ ಮಗ ಟೇಬಲ್ ಮೇಲಿದ್ದ ಹಾಳೆ ನೋಡಿ, "ಅಪ್ಪಾ, ಈ ತಾರೀಖು ಗುರುವಾರ ಅಲ್ಲ" ಅಂದ. ಕ್ಯಾಲೆಂಡರ್ ನೋಡಿದೆ. ಶುಕ್ರವಾರ! ಕಾರ್ಡಿಗೆ ಹನ್ನೆರಡು ರೂಪಾಯಿ ಲೆಕ್ಕ ಹಾಕಿದರೂ ಆರು ಸಾವಿರ ಉಳಿಯಿತು. ಖುಷಿಗೆ ಐವತ್ತು ರೂಪಾಯಿ ಕೊಟ್ಟೆ. ಅವನು ಮೆತ್ತಗೆ, "ಬೇರೆ ಕಾರ್ಡು ಇದೆಯಾ?" ಅಂದ.

ಆ ಸಂಜೆಯೇ ಕಾನೂನು ಮಾಡಿದೆ. ಓದಿದ್ದಕ್ಕೆ ಒಂದು ಪೈಸೆ ಇಲ್ಲ, ತಪ್ಪು ಹುಡುಕಿದರೆ ಒಂದು ರೂಪಾಯಿ. ಪುಟಕ್ಕೆ ದುಡ್ಡು ಅಂದರೆ ಹಾರಿಸುತ್ತಾರೆ. ತಪ್ಪಿಗೆ ದುಡ್ಡು ಅಂದರೆ ಒಂದು ಅಕ್ಷರ ಬಿಡೋಕೂ ಮನಸ್ಸು ಬರಲ್ಲ.

ಕಾರ್ಡುಗಳು ಬೇಗ ಸಾಕಾದವು. ಎಷ್ಟು ಸಲ ಅಂತ "ಚಿ॥ ಸೌ॥" ಓದೋದು. ಜೊತೆಗೆ ತಾನಾಗಿ ಆದ ತಪ್ಪು ಸಿಗೋದೂ ಕಮ್ಮಿ. ಹಾಗಾಗಿ ನಾನೇ ತಪ್ಪು ಬಿತ್ತಲು ಶುರು ಮಾಡಿದೆ. ಮಕ್ಕಳ ಪುಸ್ತಕ ಮಾಡುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ 2015ರಿಂದ ಇದೆ. ಕನ್ನಡ ಕಥೆಗಳು ನಾಲ್ಕು ಹಂತದಲ್ಲಿ ಬಿಟ್ಟಿ ಸಿಗುತ್ತವೆ. ಅಲ್ಲಿನ ಕಥೆಗಳನ್ನು ಮುದ್ರಿಸಬಹುದು, ಬದಲಾಯಿಸಲೂಬಹುದು. ಬರೆದವರ ಹೆಸರು ಉಳಿಸಬೇಕು, ಬದಲಾಯಿಸಿದ್ದೇವೆ ಅಂತ ಹಾಕಬೇಕು. ನಾನು ಕೊನೆ ರಟ್ಟಿನ ಮೇಲೆ ಎರಡನ್ನೂ ಹಾಕುತ್ತೇನೆ. ಎ4 ನಾಲ್ಕು ಹಾಳೆ ಮಡಚಿದರೆ 16 ಪುಟ, ಮಧ್ಯಕ್ಕೆ ಎರಡು ಪಿನ್. ನನಗೆ ಐದು ರೂಪಾಯಿ ಬೀಳುತ್ತೆ, ಹೊರಗೆ ಮಾಡಿಸಿದರೆ ಹದಿನೈದು ಇಪ್ಪತ್ತು ಆಗಬಹುದು.

ಮೊದಲು ಮಾಡಿದ್ದು ದಡ್ಡತನ. ಕಾಗುಣಿತದ ತಪ್ಪು ಬಿತ್ತಿದೆ. ಹದಿನೈದು ದಿನದಲ್ಲಿ ಮಗಳು ಶಾಲೆಯ ನೋಟ್‌ಬುಕ್ಕಿನಲ್ಲಿ "ಆಲು ಕುಡಿದೆನು" ಅಂತ ಬರೆದಳು. ನಮ್ಮ ಕಡೆ ಮೊದಲೇ ಹಕಾರ ಅಕಾರದ ಗೋಳು ಇದೆ, ಅದಕ್ಕೆ ನಾನು ಬೇರೆ ಗೊಬ್ಬರ ಹಾಕಿದ್ದೆ. ಭಾವ ಫೋನಿನಲ್ಲಿ "ನಾನು ಹೇಳ್ಲಿಲ್ವಾ" ಅಂದರು. ಎರಡು ದಿನ ಮುಖ ತೋರಿಸೋಕಾಗಲಿಲ್ಲ.

ಆಮೇಲೆ ಅಕ್ಷರ ಮುಟ್ಟಲಿಲ್ಲ, ಅರ್ಥದಲ್ಲಿ ಮಾತ್ರ ತಪ್ಪು ಬಿತ್ತಿದೆ. ಎರಡನೇ ಪುಟದಲ್ಲಿ ಮೂರು ಮೇಕೆ, ಏಳನೇ ಪುಟದಲ್ಲಿ ನಾಲ್ಕು. ಅಮಾವಾಸ್ಯೆ ರಾತ್ರಿ ಬೆಳದಿಂಗಳು. ಬಸ್ಸು ಹತ್ತಿದ ಹುಡುಗ ರೈಲಿನಿಂದ ಇಳಿಯುತ್ತಾನೆ. ಇವನ್ನು ಹಿಡಿಯಬೇಕಾದರೆ ಹಿಂದಿನ ಪುಟ ನೆನಪಿರಬೇಕು. ಮಗನಿಗೆ ಮೇಕೆ ಕಥೆ ಕೊಟ್ಟರೆ ಮುಖ ತಿರುಗಿಸುತ್ತಾನೆ. ಅವನಿಗೆ ನಾನೇ ಇಲ್ಲದ ಪಂದ್ಯದ ವರದಿ ಬರೆದುಕೊಟ್ಟೆ. ಇಪ್ಪತ್ತು ಓವರಿನ ಪಂದ್ಯದಲ್ಲಿ ಒಬ್ಬನೇ ಬೌಲರ್ ಐದು ಓವರ್ ಹಾಕಿದ್ದ. ಅದನ್ನು ಎರಡೇ ನಿಮಿಷದಲ್ಲಿ ಹಿಡಿದು ನನ್ನನ್ನು ಕನಿಕರದಿಂದ ನೋಡಿದ. "ಅರಸೀಕೆರೆಯಿಂದ ತಿಪಟೂರಿಗೆ ಬರುವಾಗ ದಾರಿಯಲ್ಲಿ ತುಮಕೂರಿನಲ್ಲಿ ಟೀ ಕುಡಿದರು" ಅನ್ನೋದು ಮಾತ್ರ ಮೊದಲ ಸಲ ತಪ್ಪಿಸಿಕೊಂಡಿತ್ತು. ತುಮಕೂರು ಸಿಗೋದು ತಿಪಟೂರು ದಾಟಿದ ಮೇಲೆ. ದಿನಾ ಓಡಾಡುವ ದಾರಿ, ಆದರೂ.

ಒಂದು ಪುಸ್ತಕಕ್ಕೆ ಎಷ್ಟು ತಪ್ಪು, ಎಲ್ಲಿ ಹಾಕಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಒಂದೂ ತಪ್ಪಿಲ್ಲದ ಪುಸ್ತಕವನ್ನು ಯಾವಾಗ ಕೈಗಿಡಬೇಕು ಅನ್ನೋದಂತೂ ಇಡೀ ಆಟದ ಜೀವ. ಎರಡನ್ನೂ ಇಲ್ಲಿ ಬರೆಯಲ್ಲ. ಮಗ ಈಗ ಸಿಕ್ಕಿದ್ದೆಲ್ಲಾ ಓದುತ್ತಾನೆ, ಇದನ್ನೂ ಓದಿಬಿಟ್ಟರೆ ನನ್ನ ಅಂಗಡಿ ಮುಚ್ಚಿದ ಹಾಗೆ.

ಅಕ್ಷರದ ಸೈಜ್ ಬಗ್ಗೆ ಮಾತ್ರ ಮುಚ್ಚಿಡದೆ ಹೇಳುತ್ತೇನೆ, ಇದು ನನ್ನ ಕಸುಬು. ಮಗಳು ಸಾಲು ತಪ್ಪಿಸಿಕೊಳ್ಳುತ್ತಿದ್ದಳು. ಕಣ್ಣು ತೋರಿಸಿದೆವು, ಏನೂ ಇಲ್ಲ. ಒಂದೇ ಕಥೆಯನ್ನು 14, 16, 18, 20ರಲ್ಲಿ ತೆಗೆದು ಕೊಟ್ಟೆ. ಸೈಜಿಗಿಂತ ಜಾಸ್ತಿ ಕೆಲಸ ಮಾಡಿದ್ದು ಸಾಲಿನ ನಡುವಿನ ಜಾಗ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ನೇತಾಡುತ್ತೆ, ಕೆಳಗಿನ ಸಾಲಿನ ಗುಡಿಸು, ಏತ್ವ ಮೇಲೆ ಏರುತ್ತೆ. ಸಾಲು ಒತ್ತಾಗಿದ್ದರೆ ಎರಡೂ ಡಿಕ್ಕಿ. ಈಗ ಅವಳಿಗೆ 18, ಒಂದೂವರೆ ಸಾಲಿನ ಜಾಗ, ಸಾಲಿನ ಕೊನೆಗೆ ಪದ ಮುರಿಯೋದು ಬೇಡವೇ ಬೇಡ. ಹಾಗೆ ಮಾಡಿದ ಮೇಲೆ ಬೆರಳಿಟ್ಟು ಓದೋದು ಒಂದು ತಿಂಗಳಲ್ಲಿ ತಾನಾಗಿ ನಿಂತಿತು.

ಅಡ್ಡದಾರಿಗಳೂ ಇವೆ. ಕೊನೆ ಪುಟ ಕಿತ್ತು ಬಚ್ಚಿಡುವ ಆಟ ಮಾಡಿದೆ. ಅಕ್ಕಿ ಡಬ್ಬ, ದೇವರ ಫೋಟೋ ಹಿಂದೆ, ಎಲ್ಲಾದರೂ. ಕಥೆಯೊಳಗಿನ ಸುಳಿವು ಓದಿದವರಿಗೆ ಮಾತ್ರ ಜಾಗ ಗೊತ್ತಾಗುತ್ತೆ. ಮಧ್ಯಕ್ಕೆ ಪಿನ್ ಹೊಡೆದ ಪುಸ್ತಕದಲ್ಲಿ ಕೊನೆ ಪುಟ ಮೊದಲ ಪುಟದ ಹಾಳೆಯಲ್ಲೇ ಇರುತ್ತೆ ಅನ್ನೋದನ್ನು ಇಪ್ಪತ್ತು ವರ್ಷದ ಕಸುಬಿನವನು ಮರೆತೆ. ಕೊನೆ ಕಿತ್ತರೆ ಶುರುವೂ ಕಿತ್ತು ಬಂತು. ಈಗ ಕೊನೆ ಪುಟ ಬೇರೆ ತೆಗೆದು ಅಂಟಿಸುತ್ತೇನೆ.

ಟಿವಿ ಹಾಡಿನ ಕೆಳಗೆ ಅದೇ ಭಾಷೆಯಲ್ಲಿ ಸಾಲು ಓಡಿಸಿದರೆ ಓದು ಸುಧಾರಿಸುತ್ತೆ ಅಂತ ಐಐಎಂ ಅಹಮದಾಬಾದ್‌ನ ಬ್ರಿಜ್ ಕೊಠಾರಿ 1996ರಲ್ಲೇ ಯೋಚಿಸಿದ್ದರು. 1999ರಲ್ಲಿ ಗುಜರಾತಿ ದೂರದರ್ಶನದಲ್ಲಿ ಮಾಡಿಯೂ ತೋರಿಸಿದರು. ಮನೆಯಲ್ಲಿ ಮಾಡಿ ನೋಡಿದೆ. ಮಕ್ಕಳಿಗೆ ಹೊಸ ಹಾಡುಗಳು ಬಾಯಿಪಾಠ, ಕಣ್ಣು ಸಾಲಿನ ಕಡೆ ಹೋಗಲೇ ಇಲ್ಲ. ನಾನು ಹುಟ್ಟುವ ಮುಂಚಿನ ಹಾಡು ಹಾಕಿದಾಗ ಓದಿಕೊಂಡು ಹಾಡಿದರು. ಜೊತೆಗೆ ತಾತನೂ ಹಾಡಿದರು, ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ವಾರಕ್ಕೊಮ್ಮೆ ಸಾಕು.

ಬೇಸಿಗೆ ರಜೆಯ ಚಿಂತೆ ಇತ್ತು, ಯಾಕೆಂದರೆ ಊರಲ್ಲಿ ಪ್ರಿಂಟರ್ ಇಲ್ಲ. ಅಲ್ಲಿ ಕೈಹಿಡಿದದ್ದು ಗ್ರಾಮ ಪಂಚಾಯಿತಿ ಲೈಬ್ರರಿ. 2020ರಲ್ಲಿ ಸರ್ಕಾರದ "ಓದುವ ಬೆಳಕು" ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಬಿಟ್ಟಿ. ಅಣ್ಣನ ಮಗನ ಹೆಸರಲ್ಲಿ ಪುಸ್ತಕ ತಂದರು. ಅಚ್ಚಾದ ಪುಸ್ತಕದಲ್ಲಿ ತಪ್ಪು ಎಲ್ಲಿಂದ ಬರಬೇಕು ಅಂತ ನಾನು ನಿಶ್ಚಿಂತೆಯಿಂದಿದ್ದೆ. ಒಂದೂವರೆ ತಿಂಗಳಿಗೆ ಮೂರೂ ಮಕ್ಕಳು ಸೇರಿ 38 ರೂಪಾಯಿ ಬಿಲ್ ಕೊಟ್ಟರು, ಪುಟದ ನಂಬರ್ ಸಮೇತ. ಪ್ರಕಾಶಕರು ಪ್ರೂಫ್ ನೋಡೋದು ಬಿಟ್ಟು ಎಷ್ಟು ದಿನ ಆಯ್ತೋ.

ಒಟ್ಟು ಖರ್ಚು ಅಂದಾಜಿನ ಮೇಲೆ ಹೇಳುತ್ತೇನೆ. ಒಂದೂವರೆ ವರ್ಷದಲ್ಲಿ ತೊಂಬತ್ತು ಪುಸ್ತಕ, 450 ರೂಪಾಯಿ. ತಪ್ಪಿನ ದುಡ್ಡು ಇಬ್ಬರಿಗೂ ಸೇರಿ ತಿಂಗಳಿಗೆ ಅರವತ್ತು ಎಪ್ಪತ್ತು. ಮೊದಲು ಕಳೆದ ಐದು ಸಾವಿರ ಚಿಲ್ಲರೆಯ ಮುಂದೆ ಇದೇನೂ ಅಲ್ಲ. ಮೇಳದಲ್ಲಿ ತಂದು ಧೂಳು ಹಿಡಿದಿದ್ದ ಪುಸ್ತಕಗಳಲ್ಲಿ ಮುಕ್ಕಾಲು ಪಾಲನ್ನು ಮಗಳು ಈಗ ಮುಗಿಸಿದ್ದಾಳೆ. ಅವಕ್ಕೆ ನಾನು ದುಡ್ಡು ಕೊಟ್ಟಿಲ್ಲ, ಅವಳು ಕೇಳಿಯೂ ಇಲ್ಲ. ಮಗ ಮಾತ್ರ ತಪ್ಪಿಗೆ ಎರಡು ರೂಪಾಯಿ ಮಾಡಬೇಕು ಅಂತ ಪಟ್ಟು ಹಿಡಿದಿದ್ದಾನೆ, ಕೊಬ್ಬರಿ ದರ ತೋರಿಸುತ್ತಾನೆ.

ಒಂದು ತೊಂದರೆ ಮಾತ್ರ ನಾನು ಊಹಿಸಿರಲಿಲ್ಲ. ಹೋದ ತಿಂಗಳು ಮಗಳು ಶಾಲೆಯ ನೋಟಿಸಿನಲ್ಲಿ ಎರಡು ತಪ್ಪು ಹುಡುಕಿ, ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಟೀಚರ್ ಮುಂದೆ ಕೈ ಚಾಚಿದಳಂತೆ. ನನ್ನನ್ನು ಕರೆಸಿದರು. ಹೋಗಿ ಕೈಕಟ್ಟಿ ನಿಂತು ಬಂದೆ. ಎರಡು ರೂಪಾಯಿ ನಾನೇ ಕೊಟ್ಟೆ.