ಮಾಜಿ ಮಾಜಿ ದಂಗೆಯ ಚರಿತ್ರೆ: ಒಂದು ಕಾರ್ಡು, ಎರಡು ತಾರೀಖು

ಸ್ವಾಹಿಲಿಯಲ್ಲಿ ‘ಮಾಜಿ’ ಎಂದರೆ ನೀರು. ನಮ್ಮ ಮಾಜಿ ಮಂತ್ರಿಗಳಿಗೂ ಅದಕ್ಕೂ ಸಂಬಂಧವಿಲ್ಲ. 1905ರ ಜುಲೈಯಲ್ಲಿ ಜರ್ಮನ್ ಪೂರ್ವ ಆಫ್ರಿಕಾದ, ಅಂದರೆ ಇಂದಿನ ತಾಂಜಾನಿಯಾದ, ಮತುಂಬಿ ಬೆಟ್ಟಗಳಲ್ಲಿ ಜನ ಸರ್ಕಾರಿ ಹತ್ತಿಗಿಡಗಳನ್ನು ಬೇರುಸಮೇತ ಕಿತ್ತುಹಾಕಿದರು. ಮಂತ್ರದ ನೀರು ಪಡೆದವರಿಗೆ ಗುಂಡು ತಾಗದು, ತಾಗಿದರೂ ನೀರಾಗಿ ಹೋಗುತ್ತದೆ ಎಂಬ ನಂಬಿಕೆಯೊಡನೆ ದಂಗೆ ದಕ್ಷಿಣಕ್ಕೂ ಪಶ್ಚಿಮಕ್ಕೂ ಹರಡಿತು. 1907ರ ಹೊತ್ತಿಗೆ ಜರ್ಮನ್ ಸೇನೆ ಅದನ್ನು ಅಡಗಿಸಿತ್ತು. ಈ ದಂಗೆಯ ಮೇಲೆ ಕೆಲಸ ಮಾಡುವಾಗ ನಾನು ಅನುಸರಿಸುವ ಕ್ರಮವನ್ನು, ಎಲ್ಲೆಲ್ಲಿ ಲೆಕ್ಕ ತಪ್ಪುತ್ತದೆ ಎಂಬುದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪ್ರತಿ ಟಿಪ್ಪಣಿ ಕಾರ್ಡಿನ ಮೇಲಂಚಿನಲ್ಲಿ ಎರಡು ತಾರೀಖು ಇರುತ್ತವೆ. ಎಡಕ್ಕೆ ಘಟನೆ ನಡೆದ ದಿನ, ಬಲಕ್ಕೆ ಅದನ್ನು ಯಾರೋ ಹೇಳಿದ ಅಥವಾ ಬರೆದಿಟ್ಟ ದಿನ. ಬಲಗಡೆ ಖಾಲಿಯಿದ್ದರೆ ಆ ಕಾರ್ಡನ್ನು ಬರವಣಿಗೆಗೆ ಬಳಸುವುದಿಲ್ಲ. ಅತಿ ಅನ್ನಿಸಬಹುದು. ಆದರೆ ಮಾಜಿ ಮಾಜಿ ಬಗ್ಗೆ ನಮಗಿರುವ ಸಾಕ್ಷ್ಯದ ಬಹುಭಾಗ ಮೂರು ಕಂತುಗಳಲ್ಲಿ ಹುಟ್ಟಿದ್ದು: 1905–07ರ ಜರ್ಮನ್ ವರದಿ ಮತ್ತು ಮಿಷನ್ ಪತ್ರಗಳು, ನಾಡು ಬ್ರಿಟಿಷರ ಕೈಗೆ ಬಂದು 1920ರ ನಂತರ ಅವರ ಅಧಿಕಾರಿಗಳು ತುಂಬಿಸಿದ ಜಿಲ್ಲಾ ಪುಸ್ತಕಗಳು, ಸ್ವಾತಂತ್ರ್ಯ ಬಂದ ಮೇಲೆ 1960ರ ದಶಕದಲ್ಲಿ ಹಿರಿಯರಿಂದ ಕೇಳಿ ಬರೆದುಕೊಂಡ ಹೇಳಿಕೆಗಳು. ಮೂರೂ ಕಂತಿನವರಿಗೆ ತಮ್ಮ ತಮ್ಮ ಅಗತ್ಯಗಳಿದ್ದವು.

ಜರ್ಮನ್ ಕಡತಗಳು ಎರಡು ಕಡೆ ಇವೆ. ವಸಾಹತು ಆಡಳಿತ ಸ್ಥಳೀಯವಾಗಿ ಇಟ್ಟುಕೊಂಡದ್ದು ದಾರ್ ಎಸ್ ಸಲಾಮಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಯುನೆಸ್ಕೋ 1997ರಲ್ಲಿ ಅದನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಬರ್ಲಿನ್ನಿನ ವಸಾಹತು ಕಚೇರಿಗೆ ಹೋದ ಪತ್ರಗಳು ಈಗ ಬರ್ಲಿನ್-ಲಿಖ್ಟರ್‌ಫೆಲ್ಡೆಯ ಕೇಂದ್ರ ಪತ್ರಾಗಾರದಲ್ಲಿ ಆರ್ 1001 ಎಂಬ ಸಂಗ್ರಹದಲ್ಲಿವೆ. ಸೇನೆಯ ಕಾಗದಗಳ ಪಾಡು ಬೇರೆ. ಪಾಟ್ಸ್‌ಡಾಮಿನ ಸೇನಾ ಪತ್ರಾಗಾರ 1945ರ ಏಪ್ರಿಲ್ ಬಾಂಬ್ ದಾಳಿಗೆ ಸಿಕ್ಕಿ ಸುಟ್ಟಿತು. ಹಾಗಾಗಿ ತುಕಡಿಗಳ ಒಳವ್ಯವಹಾರವನ್ನು ಆಡಳಿತದ ಕಡತಗಳಿಂದ, ಮಿಷನರಿಗಳ ಪತ್ರಗಳಿಂದ ಹೆಕ್ಕಬೇಕು. ಬೆನೆಡಿಕ್ಟಿನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಪಂಥದವರ ಕಾಗದಗಳಿಗೆ ಬವೇರಿಯಾದ ಸೇಂಟ್ ಓಟಿಲಿಯನ್ ಮಠ. ಮಸಾಸಿ ಕಡೆಯ ಆಂಗ್ಲಿಕನ್ ಮಿಷನ್ನಿನದಕ್ಕೆ ಆಕ್ಸ್‌ಫರ್ಡ್. ಮಿಷನರಿಯ ಪತ್ರ ಓದುವಾಗ ಒಂದು ನೆನಪಿರಲಿ. ಬಿಷಪ್ ಕಾಸಿಯನ್ ಸ್ಪಿಸ್ 1905ರ ಆಗಸ್ಟ್ 14ರಂದು ದಾರಿಯಲ್ಲೇ ಕೊಲೆಯಾದ ಮೇಲೆ ಬರೆದ ಪತ್ರಗಳ ದನಿ ಅದಕ್ಕೆ ಮುಂಚಿನವುಗಳಂತಿಲ್ಲ. ಒಂದೇ ಕೈ, ಒಂದೇ ತಿಂಗಳು, ಆದರೂ ಎರಡು ಬಗೆಯ ಸಾಕ್ಷ್ಯ.

ಕೈಬರಹ ಹೊಸಬರನ್ನು ಕಂಗೆಡಿಸುತ್ತದೆ. ಆ ಕಾಲದ ಜರ್ಮನರು ಬರೆಯುತ್ತಿದ್ದ ಕುರ್ರೆಂಟ್ ಲಿಪಿ ನಮ್ಮ ಹಳೆ ದಫ್ತರಗಳ ಮೋಡಿ ಇದ್ದಹಾಗೆ. ಅಕ್ಷರ ಗೊತ್ತಿದ್ದರೂ ಪದ ಬಿಡಿಸಲಾಗದು. ಸಣ್ಣ ಇ, ಎನ್, ಆರ್ ಮೂರೂ ಒಂದೇ ಗೀಟಿನಂತೆ ಕಾಣುತ್ತವೆ. ಮೊದಲು ಟೈಪಾದ ವರದಿಗಳನ್ನು ಓದಿ ಊರು, ಅಧಿಕಾರಿ, ಹುದ್ದೆಗಳ ಹೆಸರಿನ ಪಟ್ಟಿ ಮಾಡಿಕೊಂಡು, ಆಮೇಲೆ ಕೈಬರಹಕ್ಕೆ ಇಳಿಯುವುದು ಒಳ್ಳೆಯದು. ಗೊತ್ತಿರುವ ಹೆಸರೇ ಬೀಗದ ಕೈ.

ಹೆಸರುಗಳಲ್ಲೂ ಗಂಟಿದೆ. ಜರ್ಮನ್ ಕಡತಗಳಲ್ಲಿ ತುಕುಯು ಊರು ಬೇಕೆಂದರೆ ‘ನೋಯ್-ಲಾಂಗೆನ್‌ಬುರ್ಗ್’ ಎಂದು ಹುಡುಕಬೇಕು, ಲುಶೋಟೋ ಬೇಕೆಂದರೆ ‘ವಿಲ್‌ಹೆಲ್ಮ್ಸ್‌ಟಾಲ್’, ಕಸಂಗಾಗೆ ‘ಬಿಸ್ಮಾರ್ಕ್‌ಬುರ್ಗ್’. ಜೊತೆಗೆ ಸ್ವಾಹಿಲಿಯ ಪೂರ್ವಪ್ರತ್ಯಯಗಳು: ಒಬ್ಬ ವ್ಯಕ್ತಿ ಮ್ಂಗೋನಿ, ಜನ ವಂಗೋನಿ, ನಾಡು ಉಂಗೋನಿ, ಭಾಷೆ ಕಿಂಗೋನಿ. ಅಕಾರಾದಿ ಮಾಡುವಾಗ ಮೂಲಧಾತು ‘ಂಗೋನಿ’ಯನ್ನೇ ಇಟ್ಟುಕೊಳ್ಳದಿದ್ದರೆ ಒಂದೇ ಜನ ನಾಲ್ಕು ಕಡೆ ಹಂಚಿಹೋಗುತ್ತಾರೆ.

ದಿನ, ಗಂಟೆ, ದುಡ್ಡು ಮೂರರ ಲೆಕ್ಕಕ್ಕೂ ಒಂದು ಹಾಳೆಯನ್ನು ಸದಾ ಪಕ್ಕದಲ್ಲಿಟ್ಟುಕೊಂಡಿರುತ್ತೇನೆ. ಸ್ವಾಹಿಲಿ ಗಂಟೆ ಸೂರ್ಯೋದಯದಿಂದ ಶುರು, ನಮ್ಮ ಗಳಿಗೆ ಲೆಕ್ಕದ ಹಾಗೆ. ‘ಸಾ ಮೋಜಾ ಅಸುಬುಹಿ’, ಪದಶಃ ಬೆಳಗಿನ ಒಂದು ಗಂಟೆ, ನಮ್ಮ ಏಳು. ಹಿರಿಯರು ದಾಳಿ ‘ಸಾ ಕುಮಿ’ಗೆ ಆಯಿತೆಂದರೆ ಅದು ಹತ್ತು ಗಂಟೆಯಲ್ಲ, ನಾಲ್ಕು ಗಂಟೆ, ಸಂಜೆಯೋ ನಸುಕೋ ಎಂದು ಮತ್ತೆ ಕೇಳಬೇಕು. ವಾರದಲ್ಲೂ ಹಾಗೇ. ‘ಜುಮಾತಾತು’ ಮೂರನೆಯ ದಿನ, ಆದರೆ ಎಣಿಕೆ ಶನಿವಾರದಿಂದ, ಆದ್ದರಿಂದ ಸೋಮವಾರ. ಕರಾವಳಿಯವರ ಪತ್ರಗಳು ಅರಬಿ ಲಿಪಿಯ ಸ್ವಾಹಿಲಿಯಲ್ಲಿ, ಹಿಜ್ರಿ ತಾರೀಖಿನೊಂದಿಗೆ ಇರುತ್ತವೆ. ಹಿಜ್ರಿ 1323 ಶುರುವಾದದ್ದು 1905ರ ಮಾರ್ಚ್ 8ರ ಸುಮಾರಿಗೆ. ಚಂದ್ರದರ್ಶನದಿಂದಾಗಿ ಒಂದು ದಿನ ಹಿಂದೆಮುಂದೆ ಆಗಬಹುದು. ದಿನ ಸೂರ್ಯಾಸ್ತಕ್ಕೆ ಬದಲಾಗುವುದರಿಂದ ‘ಶುಕ್ರವಾರದ ರಾತ್ರಿ’ ಎಂದರೆ ನಮ್ಮ ಲೆಕ್ಕದಲ್ಲಿ ಗುರುವಾರ ರಾತ್ರಿ. ಜರ್ಮನ್ ವರದಿಗೂ ಕರಾವಳಿಯ ಪತ್ರಕ್ಕೂ ಒಂದು ದಿನದ ವ್ಯತ್ಯಾಸ ಕಂಡರೆ ಯಾರೋ ಸುಳ್ಳು ಹೇಳಿದ್ದಾರೆ ಎನ್ನುವ ಮುಂಚೆ ಇದನ್ನು ಪರಿಶೀಲಿಸಿ.

ದುಡ್ಡಿನ ವಿಷಯ ಭಾರತೀಯ ಓದುಗರಿಗೆ ಹತ್ತಿರದ್ದು. ಜರ್ಮನ್ ಪೂರ್ವ ಆಫ್ರಿಕಾದ ನಾಣ್ಯದ ಹೆಸರು ‘ರುಪೀ’. ಹಿಂದೂ ಮಹಾಸಾಗರದ ವ್ಯಾಪಾರವೆಲ್ಲ ರೂಪಾಯಿಯಲ್ಲೇ ನಡೆಯುತ್ತಿದ್ದುದರಿಂದ ಜರ್ಮನರೂ ಅದನ್ನೇ ಟಂಕಿಸಬೇಕಾಯಿತು. ನಮ್ಮ ಹಳೆ ರೂಪಾಯಿಯಂತೆ ಅದಕ್ಕೂ 64 ಪೆಸಾ. ಸ್ವಾಹಿಲಿಯಲ್ಲಿ ಇವತ್ತಿಗೂ ಹಣಕ್ಕೆ ‘ಪೆಸಾ’ ಅನ್ನುತ್ತಾರೆ. 1904ರಲ್ಲಿ ಇದನ್ನು ಬದಲಿಸಿ ರುಪೀಗೆ 100 ಹೆಲ್ಲರ್ ಮಾಡಿದರು. 15 ರುಪೀಗೆ 20 ಮಾರ್ಕ್ ಎಂದು ಗೊತ್ತುಪಡಿಸಿದರು. ಎಡವಟ್ಟಾಗುವುದು ಇಲ್ಲೇ. 1903ರ ಕೂಲಿ ಪೆಸಾದಲ್ಲಿ, 1905ರ ಕೂಲಿ ಹೆಲ್ಲರಿನಲ್ಲಿ, ಬರ್ಲಿನ್ನಿಗೆ ಹೋದ ಮೊತ್ತ ಮಾರ್ಕಿನಲ್ಲಿ. ಹಾಗೇ ಪಕ್ಕಪಕ್ಕ ಇಟ್ಟರೆ ಕೂಲಿ ಏರಿದಂತೆ ಕಾಣುತ್ತದೆ, ಏರಿರುವುದಿಲ್ಲ. ಕಾರ್ಡಿನಲ್ಲಿ ಮೂಲ ನಾಣ್ಯವನ್ನೇ ಬರೆದು, ಪರಿವರ್ತನೆಯನ್ನು ಪೆನ್ಸಿಲಿನಲ್ಲಿ ಪಕ್ಕಕ್ಕೆ ಹಾಕುವುದು ಸುರಕ್ಷಿತ.

ಬ್ರಿಟಿಷರ ಜಿಲ್ಲಾ ಪುಸ್ತಕಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ. ಮೆಕೆಂಜಿಯ ಕೈಫಿಯತ್ತುಗಳನ್ನು ನೋಡಿದವರಿಗೆ ಈ ರುಚಿ ಗೊತ್ತು: ಅಧಿಕಾರಿ ಕೇಳಿದ್ದಕ್ಕೆ ಊರವರು ಕೊಟ್ಟ ಉತ್ತರ. ಗವರ್ನರ್ ಡೊನಾಲ್ಡ್ ಕ್ಯಾಮರನ್ 1925ರಿಂದ ‘ಪರೋಕ್ಷ ಆಡಳಿತ’ ಜಾರಿಗೆ ತಂದ. ಅದಕ್ಕೆ ಪ್ರತಿ ಜಿಲ್ಲೆಯಲ್ಲಿ ಒಂದೊಂದು ಬುಡಕಟ್ಟು, ಅದಕ್ಕೊಬ್ಬ ದೊರೆ ಬೇಕಿತ್ತು. ದೊರೆಗಳೇ ಇರದಿದ್ದ ಕಡೆಯೂ ವಂಶಾವಳಿಗಳು ಹುಟ್ಟಿದವು. ಪುಸ್ತಕದಲ್ಲಿ ನಮ್ಮ ಬುಡಕಟ್ಟಿನ ದೊರೆ ದಂಗೆಗೆ ಸೇರಲಿಲ್ಲ ಎಂದಿದ್ದರೆ, ಅದು 1905ರ ಮಾತೋ 1926ರಲ್ಲಿ ಪದವಿ ಬೇಕಿದ್ದ ಮನೆತನದ ಮಾತೋ ಎಂದು ಕೇಳಬೇಕು. ಇಂಥ ಕಾರ್ಡುಗಳಲ್ಲಿ ಬಲಗಡೆಯ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ಇನ್ನು 1968. ದಾರ್ ಎಸ್ ಸಲಾಮಿನ ವಿಶ್ವವಿದ್ಯಾಲಯ ಕಾಲೇಜಿನ ಇತಿಹಾಸ ವಿಭಾಗ ತನ್ನ ವಿದ್ಯಾರ್ಥಿಗಳನ್ನು ಅವರವರ ಊರುಗಳಿಗೇ ಕಳಿಸಿ ಮಾಜಿ ಮಾಜಿ ಕಂಡ, ಕೇಳಿದ ಹಿರಿಯರ ಮಾತು ಬರೆಸಿತು. ಇತಿಹಾಸಕಾರ ಗಿಲ್ಬರ್ಟ್ ಗ್ವಾಸ್ಸಾ ಮತುಂಬಿ ಸೀಮೆಯಲ್ಲಿ ಇದೇ ಬಗೆಯ ಕೆಲಸ ಮಾಡಿದರು. ಇನ್ನೊಬ್ಬ ಇತಿಹಾಸಕಾರ ಜಾನ್ ಇಲಿಫ್ ಜರ್ಮನ್ ಕಡತಗಳನ್ನು ಅದರೊಂದಿಗೆ ತಾಳೆ ನೋಡಿದರು. ಅಲ್ಲಿಯವರೆಗೆ ಈ ದಂಗೆಯ ಬಗ್ಗೆ ದಂಗೆಯೆದ್ದವರ ಮಾತೇ ಕಾಗದದ ಮೇಲೆ ಹೆಚ್ಚು ಇರಲಿಲ್ಲ. ದಂಗೆಗೆ ಮುಂಚೆ ಕಿವಿಯಿಂದ ಕಿವಿಗೆ ಹರಡಿದ ಗುಟ್ಟಿನ ಸುದ್ದಿಗೆ ‘ಂಜ್ವೀವಿಲ’, ಕವಾಯತಿಗೆ ‘ಲಿಕಿಂಡ’ ಎಂಬ ಮಾತುಗಳು ನಮಗೆ ಸಿಕ್ಕಿದ್ದು ಈ ಕೆಲಸದಿಂದಲೇ. ಜರ್ಮನ್ ಅಧಿಕಾರಿಯ ಕಿವಿಗೆ ಅವು ಬಿದ್ದಿರಲಾರವು.

ಆದರೆ ಗಣಿತ ಮಾಡಿ. 1968ರಲ್ಲಿ 75 ವರ್ಷದ ಅಜ್ಜ 1905ರಲ್ಲಿ 12ರ ಹುಡುಗ. ಹೊಲದಲ್ಲಿ ಕಂಡದ್ದನ್ನು ಹೇಳಬಲ್ಲ, ಹಿರಿಯರ ಸಭೆಯೊಳಗೆ ಆದದ್ದನ್ನಲ್ಲ. ಅವನ ಮಾತಿನಲ್ಲಿ ‘ಕಂಡೆ’, ‘ಅಪ್ಪ ಹೇಳಿದ’, ‘ಎಲ್ಲರೂ ಹೇಳುತ್ತಾರೆ’ ಎಂಬ ಮೂರನ್ನೂ ನಾನು ಮೂರು ಬಣ್ಣದಲ್ಲಿ ಗುರುತಿಸುತ್ತೇನೆ. ವಯಸ್ಸೇ ಗೊತ್ತಿಲ್ಲದಿದ್ದರೆ ಘಟನೆಗಳ ಪಂಚಾಂಗ ಮಾಡಿಕೊಳ್ಳಬೇಕು: 1890ರ ದಶಕದ ದನಗಳ ಮಹಾಮಾರಿ ಮತ್ತು ಮಿಡತೆ ಹಾವಳಿ, 1914–18ರ ಯುದ್ಧ, 1918ರ ಜ್ವರ, 1947ರಲ್ಲಿ ಶುರುವಾದ ಬ್ರಿಟಿಷರ ಕಡಲೆಕಾಯಿ ಯೋಜನೆ. ಅದು ಬಂದಾಗ ನಿಮಗೆ ಮದುವೆಯಾಗಿತ್ತೇ, ಮಕ್ಕಳಿದ್ದರೇ ಎಂದು ಕೇಳಿದರೆ ನಾಲ್ಕೈದು ವರ್ಷದ ಅಳತೆಗೆ ಬರುತ್ತದೆ.

ಇನ್ನೊಂದು ತೊಡಕು ಕಾಲದ್ದು. ಸ್ವಾತಂತ್ರ್ಯಕ್ಕೂ ಮುಂಚೆಯೇ, 1956ರಲ್ಲಿ, ಮುಂದೆ ದೇಶದ ಮೊದಲ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆ ವಿಶ್ವಸಂಸ್ಥೆಯಲ್ಲಿ ಮಾತನಾಡುತ್ತಾ ಮಾಜಿ ಮಾಜಿಯನ್ನು ತಮ್ಮ ಚಳವಳಿಯ ಪೂರ್ವಜನನ್ನಾಗಿ ನಿಲ್ಲಿಸಿದ್ದರು. 1968ರ ಹೊತ್ತಿಗೆ ಶಾಲೆಯ ಮಕ್ಕಳೂ ಅದನ್ನೇ ಕಲಿಯುತ್ತಿದ್ದರು. ಪುಸ್ತಕದಿಂದ ಅಜ್ಜನ ಬಾಯಿಗೆ ವಾಪಸು ಬಂದ ಮಾತನ್ನು ಹಿಡಿಯಲು ಒಂದು ಸುಲಭ ಉಪಾಯವಿದೆ. ‘ತಾಂಗಾನಿಕಾ’ ಎಂಬುದು ಈ ನಾಡಿಗೆ ಬ್ರಿಟಿಷರು 1920ರಲ್ಲಿ ಇಟ್ಟ ಹೆಸರು, ‘ತಾಂಜಾನಿಯಾ’ ಹುಟ್ಟಿದ್ದು 1964ರಲ್ಲಿ. ಹೇಳಿಕೆಯಲ್ಲಿ ತಾಂಗಾನಿಕಾದವರೆಲ್ಲ ಒಂದಾಗಿ ಎದ್ದೆವು ಎಂದಿದ್ದರೆ ಆ ವಾಕ್ಯದ ವಯಸ್ಸು ಗೊತ್ತಾಯಿತು. ಅದನ್ನು ಬಿಸಾಡಬೇಕಿಲ್ಲ, ಅದು 1960ರ ದಶಕದ ಸಾಕ್ಷ್ಯ, 1905ರದ್ದಲ್ಲ.

ಎಲ್ಲರೂ ಒಂದಾಗಿ ಎದ್ದರೋ ಇಲ್ಲವೋ ಎಂಬುದನ್ನು ನಕ್ಷೆಯ ಮೇಲೆ ಒರೆಗೆ ಹಚ್ಚಬಹುದು. ಪ್ರತಿ ಊರಿನ ಮೇಲೆ ಮೊದಲ ಘಟನೆಯ ತಾರೀಖು ಬರೆಯಿರಿ. ಮತುಂಬಿ ಬೆಟ್ಟಗಳ ನಂದೆತೆ ಜುಲೈ ಕೊನೆ, ಲಿವಾಲೆ ಕಡೆ ಆಗಸ್ಟ್ ನಡುವೆ, ಮಹೆಂಗೆ ಕೋಟೆಯ ಮೇಲೆ ದೊಡ್ಡ ದಾಳಿ ಆಗಸ್ಟ್ 30, ಸೊಂಗೆಯ ಸೆಪ್ಟೆಂಬರ್. ನಂದೆತೆಯಿಂದ ಸೊಂಗೆಯಗೆ ನೇರ ರೇಖೆಯಲ್ಲಿ ಸುಮಾರು 400 ಕಿ.ಮೀ.; ದಿನಕ್ಕೆ 25 ಕಿ.ಮೀ. ನಡೆಯುವ ದೂತನಿಗೆ ದಾರಿಯ ಸುತ್ತು ಬಳಸು ಸೇರಿ ಮೂರು ವಾರದ ಹಾದಿ. ಸುದ್ದಿಯೂ ನೀರೂ ಕಾಲ್ನಡಿಗೆಯಲ್ಲಿ ಹೋದವು ಎನ್ನಲು ಅಡ್ಡಿಯಿಲ್ಲ. ಒಬ್ಬ ನಾಯಕ ಆಜ್ಞೆ ಕೊಟ್ಟ ಎನ್ನುವುದು ಮಾತ್ರ ಕೂಡುವುದಿಲ್ಲ. ಂಗರಾಂಬೆಯಲ್ಲಿ ಮೊದಲು ನೀರು ಹಂಚಿದ ಕಿಂಜಿಕಿಟಿಲೆಯನ್ನು ಜರ್ಮನರು ಆಗಸ್ಟ್ 4ರಂದೇ ಮೊಹೊರೊದಲ್ಲಿ ಗಲ್ಲಿಗೇರಿಸಿದ್ದರು. ದಂಗೆಯ ಹೆಚ್ಚಿನ ಭಾಗ ನಡೆದದ್ದು ಅವನು ಸತ್ತ ಮೇಲೆ. ಕಾರಣಗಳೂ ಒಂದೇ ಅಲ್ಲ. ಕರಾವಳಿಯ ಒಳನಾಡಿನಲ್ಲಿ ಕಡ್ಡಾಯ ಹತ್ತಿಯ ಸಿಟ್ಟು ದೊಡ್ಡದು. 1902ರಲ್ಲಿ ಶುರುವಾದ ಆ ಯೋಜನೆಯಲ್ಲಿ ವರ್ಷಕ್ಕೆ 28 ದಿನ ಸಾಮೂಹಿಕ ಹೊಲದಲ್ಲಿ ದುಡಿಯಬೇಕಿತ್ತು. ಸೊಂಗೆಯ ಸೀಮೆಯಲ್ಲಿ ಹತ್ತಿಯ ಕಾಟವಿರಲಿಲ್ಲ. ಅಲ್ಲಿ ಂಗೋನಿ ದೊರೆಗಳು ಕಳೆದುಕೊಂಡ ಅಧಿಕಾರದ ಪ್ರಶ್ನೆ ಮುಂದಿತ್ತು. ಹೆಹೆ ಎಂಬ ಜನ ಬಹುಮಟ್ಟಿಗೆ ಜರ್ಮನರ ಕಡೆಯೇ ನಿಂತರು. ಇದನ್ನೆಲ್ಲ ‘ರಾಷ್ಟ್ರದ ಮೊದಲ ಹೋರಾಟ’ ಎಂಬ ಒಂದೇ ದಾರಕ್ಕೆ ಪೋಣಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಚೂರುಚೂರು ಮಾಡಿ ಬರೀ ಜಗಳಗಳ ಗಂಟು ಎನ್ನುವುದೂ ಅತಿಯೇ. ನೀರು ಅಷ್ಟು ದೂರ ಹೋದದ್ದಂತೂ ನಿಜ.

ಹೊಸದಾಗಿ ಸಂದರ್ಶನ ಮಾಡುವವರಿಗೆ: ತಾಂಜಾನಿಯಾದ ವಿಜ್ಞಾನ ತಂತ್ರಜ್ಞಾನ ಆಯೋಗದ ಸಂಶೋಧನಾ ಪರವಾನಗಿ, ಅದರ ಮೇಲೆ ಪ್ರಾಂತ, ಜಿಲ್ಲೆ, ಹಳ್ಳಿ ಎಂದು ಮೆಟ್ಟಿಲುಮೆಟ್ಟಿಲಾಗಿ ಪತ್ರ ಬೇಕು. ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಿ. ಮೊದಲ ಪ್ರಶ್ನೆಯೇ ಮಾಜಿ ಮಾಜಿ ಆಗಬಾರದು. ಆಗಿದ್ದರೆ ಪಠ್ಯಪುಸ್ತಕ ಮಾತಾಡುತ್ತದೆ. ಯಾವ ಹೊಲ ಯಾರದು, ಯಾರು ಯಾರ ಮಗಳನ್ನು ತಂದರು, ಬರಗಾಲದಲ್ಲಿ ಯಾವ ಗೆಡ್ಡೆ ತಿಂದರು ಎಂಬಲ್ಲಿಂದ ಹೊರಡಿ. ಒಂದು ಗಂಟೆಯ ದನಿಮುದ್ರಣ ಬರೆದಿಳಿಸಲು ನನಗೆ ಎಂಟು ಗಂಟೆ ಹಿಡಿಯುತ್ತದೆ, ಊರಭಾಷೆಯಿಂದ ಸ್ವಾಹಿಲಿಗೆ ಬಂದದ್ದಾದರೆ ಇನ್ನೂ ಹೆಚ್ಚು. ಮೂಲ ಪದವನ್ನು ಬಿಡಲೇಬಾರದು. ಉದಾಹರಣೆಗೆ ‘ಹೊಂಗೊ’. ಮತುಂಬಿ ಸೀಮೆಯಲ್ಲಿ ಅದು ಕಿಂಜಿಕಿಟಿಲೆಯ ಮೈಮೇಲೆ ಬಂದ ದೈವ. ನೀರು ಹೊತ್ತು ತಂದ ದೂತರಿಗೂ ಅದೇ ಹೆಸರು. ವ್ಯಾಪಾರದ ಸ್ವಾಹಿಲಿಯಲ್ಲಿ ದಾರಿಸುಂಕ. ಇಂದಿನ ಪೇಟೆ ಮಾತಿನಲ್ಲಿ ಲಂಚ. ಅನುವಾದಕ ಹುಡುಗ ಇಂದಿನ ಅರ್ಥ ಹಿಡಿದರೆ ‘ಹೊಂಗೊ ಬಂದಿತು’ ಎಂಬ ಮಾತು ಲಂಚದ ಕಥೆಯಾಗುತ್ತದೆ.

ನೀರು ಏಕೆ ಸೋತಿತು ಎಂದು ಕೇಳಿದಾಗ ಬರುವ ಉತ್ತರವನ್ನೂ ಹಾಗೇ ದಾಖಲಿಸಿ. ಹೇಳಿಕೆಗಳಲ್ಲಿ ಮತ್ತೆಮತ್ತೆ ಬರುವುದು ನೇಮ ತಪ್ಪಿದ ಮಾತು: ಲೂಟಿ ಮಾಡಬಾರದಿತ್ತು, ಹೆಂಡತಿಯ ಬಳಿ ಹೋಗಬಾರದಿತ್ತು. ಮೂಢನಂಬಿಕೆ ಎಂದು ಪಕ್ಕಕ್ಕಿಟ್ಟರೆ, ಆ ಸೇನೆಯ ಶಿಸ್ತು ಏನಿತ್ತು ಎಂದು ತಿಳಿಯುವ ದಾರಿಯೇ ಮುಚ್ಚಿತು.

ಸತ್ತವರ ಸಂಖ್ಯೆ ಬರೆಯುವಾಗ ನಾನು ಯಾವತ್ತೂ ಒಂದೇ ಅಂಕಿ ಕೊಡುವುದಿಲ್ಲ. ಜರ್ಮನ್ ಕಡೆ 15 ಯುರೋಪಿಯನ್ನರು, 389 ಆಫ್ರಿಕನ್ ಸೈನಿಕರು ಮತ್ತು ಸಹಾಯಕರು. ತಮ್ಮ ಕಡೆಯವರಾದ್ದರಿಂದ ಎಣಿಕೆ ಅಷ್ಟು ಕರಾರುವಾಕ್ಕು. ಎದುರು ಕಡೆಗೆ ಜರ್ಮನರದೇ ಅಧಿಕೃತ ಅಂಕಿ 75,000; ಗ್ವಾಸ್ಸಾ ಅವರ ಅಂದಾಜು 2.5ರಿಂದ 3 ಲಕ್ಷ. ಗವರ್ನರ್ ಗೋಟ್ಸನ್‌ನ ಕಾಲದಲ್ಲಿ ಸೇನೆ ಬೆಳೆ, ಕಣಜ, ಹಳ್ಳಿಗಳನ್ನು ಸುಟ್ಟಿತು. ಹೆಚ್ಚಿನವರು ಸತ್ತದ್ದು ಗುಂಡಿನಿಂದಲ್ಲ, ಹಸಿವಿನಿಂದ. ಆಗ ಜನಗಣತಿಯೇ ಇರಲಿಲ್ಲ. ಆದ್ದರಿಂದ ಪ್ರತಿ ಅಂಕಿಯ ಪಕ್ಕದಲ್ಲೂ ಯಾರು, ಯಾವಾಗ, ಹಸಿವನ್ನು ಸೇರಿಸಿಯೋ ಬಿಟ್ಟೋ ಎಂದು ವಾಕ್ಯದೊಳಗೇ ಬರೆಯಬೇಕು, ಅಡಿಟಿಪ್ಪಣಿಗೆ ತಳ್ಳಬಾರದು.

ಬಲಗಡೆಯ ತಾರೀಖಿಗೆ ಈಗ ಹೊಸದೊಂದು ಗೆರೆ ಸೇರಿದೆ. 2023ರ ನವೆಂಬರ್ 1ರಂದು ಜರ್ಮನಿಯ ಅಧ್ಯಕ್ಷ ಸ್ಟೈನ್‌ಮೈಯರ್ ಸೊಂಗೆಯಗೆ ಬಂದು ಕ್ಷಮೆ ಕೇಳಿದರು. 1906ರಲ್ಲಿ ಗಲ್ಲಿಗೇರಿದ ನಾಯಕ ಸೊಂಗೆಯ ಂಬಾನೊನ ವಂಶಸ್ಥರನ್ನು ಕಂಡರು. ಜರ್ಮನಿಗೆ ಒಯ್ದರೆನ್ನಲಾದ ಅವನ ತಲೆಬುರುಡೆಯನ್ನು ಮನೆಯವರು ಈಗಲೂ ಕೇಳುತ್ತಿದ್ದಾರೆ. ಆ ದಿನದ ಆಚೆ ಈಚೆ ಅಲ್ಲಿ ತೆಗೆದುಕೊಂಡ ಹೇಳಿಕೆಗಳನ್ನು ನಾನು ಎರಡು ಬೇರೆ ಪೆಟ್ಟಿಗೆಗಳಲ್ಲಿ ಇಡುತ್ತೇನೆ.