ಸೂಪರ್‌ಕೆಪಾಸಿಟರ್ ಎಲೆಕ್ಟ್ರೋಡ್ ಪರೀಕ್ಷೆ: ಮೊದಲು ತೂಕ, ಆಮೇಲೆ ಗ್ರಾಫ್

ಸೂಪರ್‌ಕೆಪಾಸಿಟರ್ ಎಂದರೆ ಚಾರ್ಜನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸಾಧನ; ಅದರ ಎಲೆಕ್ಟ್ರೋಡ್ ವಸ್ತು ಗ್ರಾಂಗೆ ಎಷ್ಟು ಚಾರ್ಜ್ ಹಿಡಿಯುತ್ತದೆಂದು ಅಳೆಯುವ ಕ್ರಮ ಇದು. ನಿಕಲ್ ಫೋಮನ್ನು (ರಂಧ್ರಮಯ ನಿಕಲ್ ಹಾಳೆ) 1 × 2 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 10–15 ನಿಮಿಷ ಅಲ್ಟ್ರಾಸಾನಿಕ್ ಬಾತ್‌ನಲ್ಲಿಡಿ. ಹೆಚ್ಚು ಹೊತ್ತು ಬಿಟ್ಟರೆ ನಿಕಲ್ಲೇ ಕರಗತೊಡಗುತ್ತದೆ. ನೀರು, ಎಥನಾಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ, ಆಮೇಲೆಯೇ ತೂಗಿ.

ಸಕ್ರಿಯ ಇಂಗಾಲ, ಕಾರ್ಬನ್ ಬ್ಲ್ಯಾಕ್ (ವಿದ್ಯುತ್ ಹರಿಸಲು), ಪಿವಿಡಿಎಫ್ (ಪುಡಿಯನ್ನು ಅಂಟಿಸುವ ಪಾಲಿಮರ್): ತೂಕದಲ್ಲಿ 80:10:10. ಎನ್‌ಎಂಪಿ ಎಂಬ ದ್ರಾವಕದಲ್ಲಿ ಗಂಟಿಲ್ಲದಂತೆ ಅರೆದು (ಫ್ಯೂಮ್ ಹುಡ್ ಒಳಗೇ ಮಾಡಿ, ಎನ್‌ಎಂಪಿ ಗರ್ಭಕ್ಕೆ ಹಾನಿಕರ) ಫೋಮಿನ 1 ಚದರ ಸೆಂ.ಮೀ.ಗೆ ಬಳಿದು, 80 ಡಿಗ್ರಿಯಲ್ಲಿ ನಿರ್ವಾತ ಒಲೆಯಲ್ಲಿ ರಾತ್ರಿಯಿಡೀ ಒಣಗಿಸಿ, ಮತ್ತೆ ತೂಗಿ. ಎರಡು ತೂಕಗಳ ವ್ಯತ್ಯಾಸದ 80% ಮಾತ್ರ ನಿಮ್ಮ ವಸ್ತು, ಅಂದರೆ ಸಕ್ರಿಯ ಇಂಗಾಲ. ಲೇಪ 1 ಮಿ.ಗ್ರಾಂ. ಇದ್ದು ತಕ್ಕಡಿ 0.1 ಮಿ.ಗ್ರಾಂ. ತಪ್ಪಿದರೆ ಉತ್ತರದಲ್ಲೂ 10% ತಪ್ಪು. ದ್ರಾವಕ ಉಳಿದಿದ್ದರೆ ತೂಕ ಏರಿ ಧಾರಣೆ (ಕೆಪಾಸಿಟೆನ್ಸ್) ಕಡಿಮೆ ಕಾಣುತ್ತದೆ.

ವಿದ್ಯುದ್ವಿಚ್ಛೇದ್ಯ (ಎಲೆಕ್ಟ್ರೋಲೈಟ್) 6 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಗುಳಿಗೆಗಳು 85% ಶುದ್ಧವಾಗಿದ್ದರೆ 100 ಮಿ.ಲೀ.ಗೆ ಸುಮಾರು 39.6 ಗ್ರಾಂ. ಬೇಕು. ಕರಗುವಾಗ ಚೆನ್ನಾಗಿ ಬಿಸಿಯಾಗುತ್ತದೆ. ತಣಿದ ಮೇಲೆ ನೀರು ಸೇರಿಸಿ ಫ್ಲಾಸ್ಕಿನ ಗೆರೆ ಮುಟ್ಟಿಸಿ. ರೆಫರೆನ್ಸ್‌ಗೆ (ವೋಲ್ಟೇಜ್ ಅಳೆಯಲು ಆಧಾರವಾಗುವ ಎಲೆಕ್ಟ್ರೋಡ್) ಮರ್ಕ್ಯುರಿ–ಮರ್ಕ್ಯುರಿಕ್ ಆಕ್ಸೈಡ್ ಬಳಸಿ. ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಪ್ರಬಲ ಕ್ಷಾರದಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಎದುರು ಎಲೆಕ್ಟ್ರೋಡ್ ಪ್ಲಾಟಿನಂ. ಎಲೆಕ್ಟ್ರೋಡ್ ಹಿಡಿದ ಕ್ಲಿಪ್ ದ್ರಾವಣಕ್ಕೆ ತಾಗಲೇಬಾರದು.

−1.0ರಿಂದ 0 ವೋಲ್ಟ್‌ವರೆಗೆ, 50 ಮಿ.ವೋ./ಸೆಕೆಂಡ್ ವೇಗದಲ್ಲಿ, ವಕ್ರರೇಖೆಗಳು ಒಂದರ ಮೇಲೊಂದು ಕೂರುವತನಕ ಸಿವಿ (ವೋಲ್ಟೇಜನ್ನು ಏರಿಸಿ ಇಳಿಸುತ್ತ ಕರೆಂಟ್ ಅಳೆಯುವ ಪರೀಕ್ಷೆ) ಓಡಿಸಿ. −1.0ರ ತುದಿಯಲ್ಲಿ ಕರೆಂಟ್ ಬಾಲದಂತೆ ಇಳಿದರೆ ಅದು ನೀರು ಒಡೆದು ಬರುವ ಹೈಡ್ರೋಜನ್, ವೋಲ್ಟೇಜ್ ವ್ಯಾಪ್ತಿಯ ಕೆಳತುದಿಯನ್ನು −0.9ಕ್ಕೆ ತನ್ನಿ. ಇಲ್ಲವಾದರೆ ಚಾರ್ಜ್ ಸಮಯ ಡಿಸ್ಚಾರ್ಜ್‌ಗಿಂತ ಉದ್ದವಾಗುತ್ತದೆ.

ಇನ್ನು 1 ಆಂಪಿಯರ್/ಗ್ರಾಂನಲ್ಲಿ ಚಾರ್ಜ್–ಡಿಸ್ಚಾರ್ಜ್. ಧಾರಣೆ ತಿಳಿಯಲು ಕರೆಂಟ್ ಅನ್ನು ಡಿಸ್ಚಾರ್ಜ್ ಸಮಯದಿಂದ ಗುಣಿಸಿ, ದ್ರವ್ಯರಾಶಿ ಮತ್ತು ವೋಲ್ಟೇಜ್ ವ್ಯತ್ಯಾಸದ ಗುಣಲಬ್ಧದಿಂದ ಭಾಗಿಸಿ. ಡಿಸ್ಚಾರ್ಜ್ ಶುರುವಿನಲ್ಲೇ 0.05 ವೋಲ್ಟ್ ಧಡಕ್ಕನೆ ಬಿದ್ದರೆ ಅದು ರೋಧದ ಪಾಲು: 1 ವೋಲ್ಟ್ ಬದಲು 0.95 ಹಾಕಿ. 171 ಸೆಕೆಂಡ್ ಹಿಡಿದರೆ 180 ಫ್ಯಾರಡ್/ಗ್ರಾಂ. ರೋಧವನ್ನು ಬೇರೆಯಾಗಿ ನೋಡಲು ಇಂಪೀಡೆನ್ಸ್ ಪರೀಕ್ಷೆ (ಬೇರೆ ಬೇರೆ ಆವರ್ತನದ ಎಸಿ ಕೊಟ್ಟು ಅಳೆಯುವುದು): 100 ಕಿಲೋಹರ್ಟ್ಸ್‌ನಿಂದ 0.01 ಹರ್ಟ್ಸ್, 5 ಮಿ.ವೋ.

ಇದೇ ಫೋಮಿನ ಮೇಲೆ ನಿಕಲ್ ಅಥವಾ ಕೋಬಾಲ್ಟ್ ಆಕ್ಸೈಡನ್ನು 0–0.5 ವೋಲ್ಟ್‌ನಲ್ಲಿ ಪರೀಕ್ಷಿಸುವವರು ಬರಿಯ ಫೋಮನ್ನೂ ಅದೇ ಕ್ರಮದಲ್ಲಿ ಓಡಿಸಲೇಬೇಕು. ಕ್ಷಾರದಲ್ಲಿ ಫೋಮಿನ ಮೇಲ್ಮೈ ನಿಕಲ್ ಹೈಡ್ರಾಕ್ಸೈಡ್ ಆಗಿ ತಾನೇ ಶೃಂಗ (ಕರೆಂಟ್ ಗ್ರಾಫಿನಲ್ಲಿ ಎದ್ದ ತುದಿ) ಕೊಡುತ್ತದೆ; ಲೇಪ ತೆಳುವಾದಷ್ಟೂ ಅದರ ಪಾಲು ದೊಡ್ಡದು. ಇಂಥ ಶೃಂಗಗಳಿರುವ ವಸ್ತುವಿಗೆ ಫ್ಯಾರಡ್ ಲೆಕ್ಕ ಸಲ್ಲದು, ಮಿಲಿಆಂಪಿಯರ್-ಗಂಟೆ/ಗ್ರಾಂನಲ್ಲಿ ಬರೆಯಿರಿ.