ಆ್ಯಂಡ್, ಬಟ್, ಸೋ: ಕಾಮಾ ಬೇಕೋ ಬೇಡವೋ?

ಇಂಗ್ಲಿಷ್‌ನಲ್ಲಿ 'ಆ್ಯಂಡ್', 'ಬಟ್', 'ಸೋ'ಗಳಿಗೆ ಮೊದಲು ಕಾಮಾ ಬೇಕೇ ಎಂಬ ಅನುಮಾನ ಬಂದರೆ, ಆ ಪದದ ನಂತರದ ಭಾಗವನ್ನಷ್ಟೇ ಓದಿ. ಅದಕ್ಕೆ ಸ್ವಂತ ಕರ್ತೃ, ಕ್ರಿಯಾಪದ ಎರಡೂ ಇದ್ದು ಪೂರ್ಣ ವಾಕ್ಯವಾಗಿ ನಿಂತರೆ ಕಾಮಾ ಹಾಕಿ, ಇಲ್ಲದಿದ್ದರೆ ಬಿಡಿ. 'ಐ ಕಾಲ್ಡ್ ಹಿಮ್, ಬಟ್ ಹಿ ಡಿಡ್ ನಾಟ್ ಆನ್ಸರ್' ಎಂಬಲ್ಲಿ ಬೇಕು. 'ಐ ಕಾಲ್ಡ್ ಹಿಮ್ ಆ್ಯಂಡ್ ಲೆಫ್ಟ್ ಎ ಮೆಸೇಜ್' ಎಂಬಲ್ಲಿ ಬೇಡ; 'ಲೆಫ್ಟ್'ಗೂ ಕರ್ತೃ ಮೊದಲಿನ 'ಐ'ಯೇ, ನಡುವೆ ಕಾಮಾ ಬಂದರೆ ಅವೆರಡರ ನಂಟು ಕಡಿಯುತ್ತದೆ. ಜೋಡಿಸುವ ಪದವನ್ನೇ ಬಿಟ್ಟು ಎರಡು ವಾಕ್ಯಗಳನ್ನು ಬರೀ ಕಾಮಾದಿಂದ ಅಂಟಿಸುವುದಂತೂ ಬೇಡವೇ ಬೇಡ, ಅಲ್ಲಿ ಪೂರ್ಣವಿರಾಮವೇ ಸರಿ. ಹೆಸರುಗಳ ಪಟ್ಟಿಗೆ ಈ ಪರೀಕ್ಷೆ ಅನ್ವಯಿಸದು. 'ಸೋ ದಟ್' ಎಂಬ ಅರ್ಥದ 'ಸೋ' ಬಂದಾಗಲೂ ಇದು ಕೈಕೊಡುತ್ತದೆ: ಮುಂದಿನದು ಪೂರ್ಣ ವಾಕ್ಯವಾದರೂ ಅಲ್ಲಿ ಕಾಮಾ ಬೇಕಿಲ್ಲ.